ಕ್ರಿಸ್ಮಸ್ ಬೇಕಿಂಗು ಅಕ್ಟೋಬರ್‌ನಲ್ಲೇ ಶುರು

ಕ್ರಿಸ್ಮಸ್ ಬೇಕಿಂಗ್ ಬಗ್ಗೆ ಮಾತಾಡಿ ಅಂದ್ರೆ ಎಲ್ರೂ ಐಸಿಂಗು, ಅಲಂಕಾರ, ಜಿಂಜರ್‌ಬ್ರೆಡ್ ಮನೆ ಇದನ್ನೇ ನಿರೀಕ್ಷೆ ಮಾಡ್ತಾರೆ, ನಾನು ಇವತ್ತು ಕೆಡೋದರ ಬಗ್ಗೆ ಮಾತಾಡ್ತೀನಿ. ಅಂದ್ರೆ ಒಂದು ತಿಂಡಿ ತಿಂಗಳುಗಟ್ಲೆ ಕೆಡದೇ ಹೆಂಗೆ ಉಳಿಯತ್ತೆ ಅನ್ನೋದರ ಬಗ್ಗೆ. ಯಾಕಂದ್ರೆ ಜರ್ಮನಿ ಕಡೆಯ ಕ್ರಿಸ್ಮಸ್ ತಿಂಡಿಗಳನ್ನ ಒಂದು ಟೇಬಲ್ ಮೇಲೆ ಸಾಲಾಗಿ ಇಟ್ಟು ನೋಡಿ, ಅದರಲ್ಲಿ ಒಂದೂ ಬಿಸಿಬಿಸಿ ತಿನ್ನೋ ಐಟಮ್ ಅಲ್ಲ. ಓವನ್ನಿಂದ ತೆಗೆದ ದಿನ ತಿಂದ್ರೆ ಅರ್ಧ ರುಚಿನೂ ಇರಲ್ಲ. ನಮ್ಮನೇಲಿ ಉಪ್ಪಿನಕಾಯಿ ಹಾಕಿ ಜಾಡಿ ಬಾಯಿಗೆ ಬಟ್ಟೆ ಕಟ್ಟಿ ಇನ್ನೊಂದು ತಿಂಗಳು ಮುಟ್ಬೇಡಿ ಅಂತಾರಲ್ಲ, ಇದೂ ಅದೇ ಜಾತಿ. ಇದೊಂದು ತಲೇಲಿ ಇಟ್ಕೊಂಡ್ರೆ ರೆಸಿಪಿಲಿ ಯಾಕೆ ಅಷ್ಟು ಬೆಣ್ಣೆ, ಯಾಕೆ ಜೇನುತುಪ್ಪ, ಯಾಕೆ ರಮ್ಮು ಎಲ್ಲಾ ತಾನಾಗೇ ಅರ್ಥ ಆಗತ್ತೆ.

ಮೊದಲು ಸ್ಟೋಲೆನ್ ತಗೊಳ್ಳೋಣ. ಜರ್ಮನಿಯ ಪೂರ್ವದಲ್ಲಿ ಸ್ಯಾಕ್ಸನಿ ಅಂತ ರಾಜ್ಯ, ಅದರ ರಾಜಧಾನಿ ಡ್ರೆಸ್ಡೆನ್, ಅಲ್ಲಿಯ ಬ್ರೆಡ್ಡು ಇದು. ಉದ್ದಕ್ಕೆ, ಮಧ್ಯ ಸ್ವಲ್ಪ ಉಬ್ಬಿ, ಮೇಲೆಲ್ಲ ಸಕ್ಕರೆ ಪುಡಿ ಬಿದ್ದು ಬೆಳ್ಳಗೆ ಇರತ್ತೆ, ಬಟ್ಟೇಲಿ ಸುತ್ತಿದ ಬಾಲಯೇಸು ಥರ ಕಾಣ್ಲಿ ಅಂತ ಆ ಆಕಾರ ಅಂತ ಹೇಳ್ತಾರೆ. ಡ್ರೆಸ್ಡೆನ್‌ನಲ್ಲಿ ಇದರ ಮೊದಲ ದಾಖಲೆ 1474ರದ್ದು, ಅದೂ ಒಂದು ಆಸ್ಪತ್ರೆಯ ಬಿಲ್ಲಲ್ಲಿ. ಇನ್ನೂ ಹಿಂದೆ 1329ರಲ್ಲಿ ನೌಮ್‌ಬುರ್ಗ್ ಅನ್ನೋ ಊರಿನ ಬಿಷಪ್ಪು ಅಲ್ಲಿಯ ಬೇಕರಿಯವರಿಗೆ ಸಂಘ ಕಟ್ಟೋ ಹಕ್ಕು ಕೊಟ್ಟು, ಬದಲಿಗೆ ಕ್ರಿಸ್ಮಸ್‌ಗೆ ಗೋಧಿಯ ಎರಡು ಉದ್ದನೆ ಬ್ರೆಡ್ಡು ತಂದ್ಕೊಡಿ ಅಂತ ಕೇಳಿದ್ನಂತೆ. ಆದ್ರೆ ಆಗಿನ ಸ್ಟೋಲೆನ್ ಈಗ ನಮ್ಮ ಕೈಗೆ ಕೊಟ್ರೆ ನಾವ್ಯಾರೂ ತಿನ್ನಲ್ಲ. ಅದು ಉಪವಾಸದ ಬ್ರೆಡ್ಡು. ಕ್ರಿಸ್ಮಸ್‌ಗೆ ಮುಂಚಿನ ಆಡ್ವೆಂಟ್ ವಾರಗಳು ಆಗ ಒಪ್ಪತ್ತಿನ ಕಾಲ, ಹಾಲು ಬೆಣ್ಣೆ ಎರಡೂ ನಿಷಿದ್ಧ, ಹಾಗಾಗಿ ಹಿಟ್ಟು, ಈಸ್ಟು, ನೀರು, ಒಂಚೂರು ಎಣ್ಣೆ, ಮುಗೀತು. ಸಪ್ಪೆ, ಗಟ್ಟಿ.

ಇಲ್ಲಿಂದ ಕಥೆ ಸ್ವಲ್ಪ ಮಜಾ ಇದೆ. ಸ್ಯಾಕ್ಸನಿ ಆಳ್ತಿದ್ದ ಎರ್ನ್‌ಸ್ಟ್ ಮತ್ತವನ ತಮ್ಮ ಆಲ್ಬ್ರೆಕ್ಟ್ ಇಬ್ರೂ ಪೋಪ್‌ಗೆ ಮನವಿ ಮಾಡ್ಕೊಂಡ್ರು, ನಮ್ಮ ಕಡೆ ಈ ಎಣ್ಣೆ ಆಗಿಬರಲ್ಲ, ಬೆಣ್ಣೆ ಹಾಕ್ಕೊಳ್ಳಕ್ಕೆ ಬಿಡಿ ಅಂತ. ಇಟಲಿಯವರಿಗೇನು, ಮನೆ ಹಿಂದೆನೇ ಆಲಿವ್ ಮರ, ಉತ್ತರದ ಚಳಿ ದೇಶದವರಿಗೆ ಸಿಗ್ತಿದ್ದಿದ್ದು ಬೇರೆ ಥರದ ಎಣ್ಣೆ. ಕೊನೆಗೆ 1491ರಲ್ಲಿ ಎಂಟನೇ ಇನೊಸೆಂಟ್ ಅನ್ನೋ ಪೋಪ್ ಒಪ್ಪಿಗೆ ಪತ್ರ ಕಳಿಸಿದ, ಅದಕ್ಕೆ ಬೆಣ್ಣೆ ಪತ್ರ ಅಂತಾನೇ ಹೆಸರು. ಬಿಟ್ಟಿಯಾಗೇನಲ್ಲ, ಬೆಣ್ಣೆ ತಿನ್ನೋರು ದುಡ್ಡು ಕಟ್ಬೇಕು, ಆ ದುಡ್ಡಲ್ಲಿ ಫ್ರೈಬೆರ್ಗ್ ಊರಿನ ದೊಡ್ಡ ಚರ್ಚಿನ ಕೆಲಸ ನಡೀತು. ಇದು ಸ್ಯಾಕ್ಸನಿ ಒಂದರ ಕಥೆ ಅಲ್ಲ, ಫ್ರಾನ್ಸಿನ ರುವಾಂ ಕೆಥೆಡ್ರಲ್ಲಿನ ಒಂದು ಗೋಪುರಕ್ಕೆ ಇವತ್ತಿಗೂ ಬೆಣ್ಣೆ ಗೋಪುರ ಅಂತಾರೆ, ಅದೂ ಹಿಂಗೇ ಬಂದ ದುಡ್ಡಲ್ಲಿ ಎದ್ದಿದ್ದು ಅಂತ. ಮಾರ್ಟಿನ್ ಲೂಥರ್ ಇದೇ ಸ್ಯಾಕ್ಸನಿಯವನಲ್ವಾ, ಅವನು 1520ರಲ್ಲಿ ಇದರ ಮೇಲೆ ಕಿಡಿ ಕಾರಿದ. ರೋಮಿನಲ್ಲಿ ಕೂತೋರು ಅವರ ಚಪ್ಪಲಿಗೂ ಸವರದ ಎಣ್ಣೇನ ನಮಗೆ ತಿನ್ನಿಸಿ, ಆಮೇಲೆ ಬೆಣ್ಣೆ ತಿನ್ನೋ ಪರ್ಮಿಶನ್ನು ನಮಗೇ ಮಾರ್ತಾರೆ ಅನ್ನೋದು ಅವನ ಸಿಟ್ಟು. ನನಗಂತೂ ಅವನ ವಾದ ಸರಿ ಅನ್ಸತ್ತೆ.

ಬೆಣ್ಣೆ ಬಂದ ಮೇಲೆ ಆ ಬ್ರೆಡ್ಡಿನ ಜಾತಕನೇ ಬದಲಾಯ್ತು. 1730ಕ್ಕೆ ಬನ್ನಿ, ಬಲಶಾಲಿ ಔಗುಸ್ಟ್ ಅಂತ ಸ್ಯಾಕ್ಸನಿಯ ದೊರೆ, ಶೋಕಿ ಮನುಷ್ಯ, ತ್ಸೈಟ್‌ಹೈನ್ ಅನ್ನೋ ಕಡೆ ಭಾರೀ ಸೈನ್ಯದ ಕ್ಯಾಂಪು ಹಾಕಿ ಯೂರೋಪಿನ ರಾಜರುಗಳನ್ನೆಲ್ಲ ಕರೆಸಿ ಅವರ ಮುಂದೆ ಸುಮಾರು 1.8 ಟನ್ ತೂಕದ ಸ್ಟೋಲೆನ್ ತಂದಿಟ್ಟ. ಅದನ್ನ ಬೇಯಿಸಕ್ಕೆ ಅಂತಾನೇ ಹೊಸದಾಗಿ ಒಲೆ ಕಟ್ಟಿಸಿದ್ರು, ಕತ್ತರಿಸಕ್ಕೆ 1.6 ಮೀಟರ್ ಉದ್ದದ ಚಾಕು ಮಾಡಿಸಿದ್ರು. ತಮಾಷೆ ಏನಂದ್ರೆ ಇದಾಗಿದ್ದು ಜೂನ್ ತಿಂಗಳಲ್ಲಿ, ಕ್ರಿಸ್ಮಸ್‌ಗೂ ಅದಕ್ಕೂ ಸಂಬಂಧಾನೇ ಇಲ್ಲ. ಈಗ ಅದರ ನೆನಪಿಗೆ ಅಂತ 1994ರಿಂದ ಪ್ರತಿವರ್ಷ ಡಿಸೆಂಬರ್‌ನಲ್ಲಿ ಡ್ರೆಸ್ಡೆನ್‌ನವರು ದೊಡ್ಡ ಸ್ಟೋಲೆನ್‌ನ ಕುದುರೆಗಾಡಿ ಮೇಲಿಟ್ಟು ಮೆರವಣಿಗೆ ಮಾಡ್ತಾರೆ, ತುಂಡು ಮಾಡಿ ಮಾರ್ತಾರೆ. ಅಲ್ಲಿಯ ಕ್ರಿಸ್ಮಸ್ ಸಂತೆ 1434ರಿಂದ ನಡೀತಿರೋದು, ಅದರ ಹೆಸರು ಸ್ಟ್ರೀಟ್ಸೆಲ್‌ಮಾರ್ಕ್ಟ್, ಅಂದ್ರೆ ಈ ಬ್ರೆಡ್ಡಿನ ಹಳೇ ಹೆಸರಲ್ಲೇ ಸಂತೆ.

ಸರಿ, ಇತಿಹಾಸ ಸಾಕು, ಅಡುಗೆಮನೆಗೆ ಬರೋಣ. ನಮ್ಮ ಮೈಸೂರು ಮಲ್ಲಿಗೆಗೆ ಜಿಐ ಟ್ಯಾಗ್ ಇರೋ ಹಾಗೆ ಡ್ರೆಸ್ಡೆನ್ ಸ್ಟೋಲೆನ್‌ಗೂ ಯೂರೋಪಿನಲ್ಲಿ 2010ರಿಂದ ಅಂಥ ರಕ್ಷಣೆ ಇದೆ, ಆ ಊರಲ್ಲಿ ಮತ್ತೆ ಅದರ ಅಕ್ಕಪಕ್ಕ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಅದರ ರೂಲ್ಸಲ್ಲಿ ಲೆಕ್ಕ ಕೊಟ್ಟಿದಾರೆ. ನೂರು ಭಾಗ ಹಿಟ್ಟಿಗೆ ಬೆಣ್ಣೆ ಕನಿಷ್ಠ 50 ಭಾಗ, ಒಣದ್ರಾಕ್ಷಿ 65, ಸಕ್ಕರೆ ಪಾಕದಲ್ಲಿ ಊರಿದ ಕಿತ್ತಳೆ ನಿಂಬೆ ಸಿಪ್ಪೆ 20, ಬಾದಾಮಿ 15. ಮಾರ್ಗರಿನ್ ಹಾಕೋ ಹಾಗಿಲ್ಲ. ಮನೆ ಲೆಕ್ಕದಲ್ಲಿ ಹೇಳ್ಬೇಕಂದ್ರೆ ಅರ್ಧ ಕೆಜಿ ಮೈದಾಗೆ 250 ಗ್ರಾಂ ಬೆಣ್ಣೆ, 325 ಗ್ರಾಂ ದ್ರಾಕ್ಷಿ, 100 ಗ್ರಾಂ ಸಿಪ್ಪೆ, 75 ಗ್ರಾಂ ಬಾದಾಮಿ. ಕೂಡಿಸಿ ನೋಡಿ, ದ್ರಾಕ್ಷಿ ಸಿಪ್ಪೆ ಬಾದಾಮಿ ಮೂರೇ ಸೇರಿ ಹಿಟ್ಟಿನಷ್ಟೇ ಆಯ್ತು! ಬ್ರೆಡ್ಡು ಅಂತ ಕರೆಯೋದೇ ಒಂಥರಾ ಮರ್ಯಾದೆಗೆ, ಹಿಟ್ಟು ಇಲ್ಲಿ ಇವೆಲ್ಲವನ್ನ ಹಿಡ್ಕೊಳ್ಳಕ್ಕೆ ಇರೋ ಅಂಟು ಅಷ್ಟೇ.

ಈ ಲೆಕ್ಕದಿಂದ ಒಂದು ತಾಪತ್ರಯ ಬರತ್ತೆ. ಇಷ್ಟು ಬೆಣ್ಣೆ ಸಕ್ಕರೆ ನಡುವೆ ಈಸ್ಟ್ ಸರಿಯಾಗಿ ಕೆಲಸ ಮಾಡಲ್ಲ, ಸಕ್ಕರೆ ನೀರನ್ನ ಎಳ್ಕೊಂಡುಬಿಡತ್ತೆ, ಕೊಬ್ಬು ಹಿಟ್ಟಿನ ಜಿಗುಟನ್ನ ಕಟ್ಟಕ್ಕೆ ಬಿಡಲ್ಲ. ಅದಕ್ಕೇ ಮೊದಲು 150 ಗ್ರಾಂ ಮೈದಾ, ಉಗುರು ಬೆಚ್ಚಗಿನ ಹಾಲು ಒಂದು 150 ಎಂಎಲ್, 10-12 ಗ್ರಾಂ ಒಣ ಈಸ್ಟು, ಇಷ್ಟನ್ನ ಕಲಸಿ ಅರ್ಧದಿಂದ ಮುಕ್ಕಾಲು ಗಂಟೆ ಮುಚ್ಚಿಡಿ. ಈಸ್ಟ್‌ಗೆ ಮೊದಲು ಹೊಟ್ಟೆ ತುಂಬಿಸಿ ಆಮೇಲೆ ಕಷ್ಟದ ಕೆಲಸ ಕೊಡಿ. ಅದು ಉಬ್ಬಿದ ಮೇಲೆ ಉಳಿದ ಮೈದಾ, ಮೆತ್ತಗಾಗಿರೋ ಬೆಣ್ಣೆ, ಒಂದು 60 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು, ನಿಂಬೆ ಸಿಪ್ಪೆ ತುರಿ, ಏಲಕ್ಕಿ, ಜಾಜಿಕಾಯಿ ಸೇರಿಸಿ ಚೆನ್ನಾಗಿ ನಾದಬೇಕು. ದ್ರಾಕ್ಷಿ ಬಾದಾಮಿ ಕೊನೇಲಿ, ಮೃದುವಾಗಿ. ಮೊದಲೇ ಹಾಕಿದ್ರೆ ದ್ರಾಕ್ಷಿ ಒಡೆದು ಹಿಟ್ಟೆಲ್ಲ ಕಂದು ಬಣ್ಣ ಆಗತ್ತೆ. ದ್ರಾಕ್ಷೀನ ಹಿಂದಿನ ರಾತ್ರಿನೇ ರಮ್ಮಲ್ಲಿ ನೆನೆಹಾಕಿರಬೇಕು, ಅದು ಬರೀ ವಾಸನೆಗೆ ಅಂದ್ಕೋಬೇಡಿ, ಒಣ ದ್ರಾಕ್ಷಿ ಹಾಗೇ ಹಾಕಿದ್ರೆ ಬ್ರೆಡ್ಡಲ್ಲಿರೋ ನೀರನ್ನೆಲ್ಲ ಅದೇ ಕುಡಿದು ಎರಡೇ ದಿನಕ್ಕೆ ಸ್ಟೋಲೆನ್ ರಸ್ಕ್ ಆಗತ್ತೆ, ನೆನೆಸಿದ್ರೆ ಉಲ್ಟಾ, ದ್ರಾಕ್ಷಿನೇ ವಾರಗಟ್ಲೆ ನಿಧಾನವಾಗಿ ಬ್ರೆಡ್ಡಿಗೆ ತೇವ ಕೊಡ್ತಾ ಇರತ್ತೆ. ಎರಡು ಉಂಡೆ ಮಾಡಿ, ಅಂಡಾಕಾರಕ್ಕೆ ತಟ್ಟಿ, ಉದ್ದಕ್ಕೆ ಮಡಚಿ, ಸ್ವಲ್ಪ ಹೊತ್ತು ಬಿಟ್ಟು 170 ಡಿಗ್ರೀಲಿ 45-50 ನಿಮಿಷ. ಡಬಲ್ ಸೈಜ್ ಆಗಿಲ್ವಲ್ಲ ಅಂತ ಗಾಬರಿ ಬೀಳ್ಬೇಡಿ, ಅದು ಅಷ್ಟೆಲ್ಲ ಉಬ್ಬೋ ಪೈಕಿ ಅಲ್ಲ.

ಓವನ್ನಿಂದ ತೆಗೆದ ತಕ್ಷಣ, ಬಿಸಿ ಇದ್ದಾಗಲೇ, ಕರಗಿಸಿದ ಬೆಣ್ಣೆ ಸವರಬೇಕು, ಕೈ ಬಿಗಿ ಹಿಡೀಬೇಡಿ, ಮೇಲೆ ಕೆಳಗೆ ಪಕ್ಕ ಎಲ್ಲಾ ಕಡೆ, ಅದರ ಮೇಲೆ ಸಕ್ಕರೆ, ತಣ್ಣಗಾದ ಮೇಲೆ ಸಕ್ಕರೆ ಪುಡಿ ದಪ್ಪಕ್ಕೆ. ಇದು ಮೇಕಪ್ ಅಲ್ಲ. ಬೆಣ್ಣೆ ಗಟ್ಟಿಯಾಗಿ ಸಕ್ಕರೆ ಜೊತೆ ಒಂದು ಪದರ ಕಟ್ಟತ್ತೆ, ಒಳಗಿನ ತೇವ ಹೊರಗೆ ಹೋಗಲ್ಲ, ಹೊರಗಿನ ಗಾಳಿ ಒಳಗೆ ಬರಲ್ಲ. ಆಮೇಲೆ ಬಟರ್ ಪೇಪರ್, ಮೇಲೊಂದು ಬಟ್ಟೆ, ತಂಪು ಜಾಗದಲ್ಲಿ ಎರಡರಿಂದ ನಾಲ್ಕು ವಾರ. ಅಲ್ಲಿಯವರಿಗೆ ಚಳಿಗಾಲದ ನೆಲಮಾಳಿಗೆ ಇರತ್ತೆ, ನಮಗೆ ಫ್ರಿಡ್ಜೇ ನೆಲಮಾಳಿಗೆ. ಬೆಂಗಳೂರಿನಲ್ಲಿ ಫ್ರಿಡ್ಜಿನ ಹೊರಗಿಟ್ಟು ಸಾಹಸ ಮಾಡ್ಬೋದೇನೋ, ಆದ್ರೆ ನಮ್ಮ ಇರುವೆಗಳಿಗೆ ಯಾವ ಪೋಪ್ ಪತ್ರನೂ ಬೇಕಿಲ್ಲ.

ಸಿಪ್ಪೆ ವಿಷಯ ಬಂತಲ್ಲ, ಒಂದು ಅಡ್ಡದಾರಿ ಹೋಗಿ ಬರ್ತೀನಿ. ಎರಡನೇ ಮಹಾಯುದ್ಧ ಆದ್ಮೇಲೆ ಡ್ರೆಸ್ಡೆನ್ ಪೂರ್ವ ಜರ್ಮನಿ ಪಾಲಾಯ್ತು, ಕಮ್ಯುನಿಸ್ಟ್ ಸರ್ಕಾರ, ವಿದೇಶಿ ದುಡ್ಡಿಲ್ಲ, ಕಿತ್ತಳೆ ಸಿಪ್ಪೆ, ಬಾದಾಮಿ ಎಲ್ಲದಕ್ಕೂ ಪರದಾಟ. ಅಲ್ಲಿಯ ಫುಡ್ ಇಂಜಿನಿಯರುಗಳು ಏನು ಮಾಡಿದ್ರು ಗೊತ್ತಾ, ಹಸಿರು ಟೊಮೇಟೊ ಮತ್ತೆ ಕ್ಯಾರೆಟ್‌ನ ಸಕ್ಕರೆ ಪಾಕದಲ್ಲಿ ಊರಿ ಸಿಪ್ಪೆ ಬದಲು ಕೊಟ್ರು. ಕಾಂಡಿನಾಟ್ ಅಂತ ಅದರ ಹೆಸರು, ಟೊಮೇಟೊದ್ದು ಕಾಂಡಿನಾಟ್ ಟಿ, ಕ್ಯಾರೆಟ್‌ದು ಕಾಂಡಿನಾಟ್ ಎಂ. ಪಶ್ಚಿಮ ಜರ್ಮನಿಯ ನೆಂಟರು ದ್ರಾಕ್ಷಿ ಬಾದಾಮಿ ಪಾರ್ಸೆಲ್ ಕಳಿಸೋರು, ಪೂರ್ವದವರು ಅದರಲ್ಲಿ ಸ್ಟೋಲೆನ್ ಮಾಡಿ ವಾಪಸ್ ಕಳಿಸೋರು, ಮಧ್ಯದಲ್ಲಿ ಗೋಡೆ ಇದ್ರೂ ಅಂಚೆ ಓಡಾಡ್ತಿತ್ತು. ನೀವು ನಗ್ತಿದೀರಿ ಟೊಮೇಟೊಗೆ, ನಮ್ಮ ಬೇಕರಿಯ ಟೂಟಿ ಫ್ರೂಟಿ ಏನು ಅಂದ್ಕೊಂಡ್ರಿ? ಪಪ್ಪಾಯ ಕಾಯಿಗೆ ಸಕ್ಕರೆ ಮತ್ತೆ ಬಣ್ಣ. ಎರಡು ದೇಶದವರೂ ಒಂದೇ ಸಮಸ್ಯೆಗೆ ಒಂದೇ ಥರದ ಉತ್ತರ ಕಂಡ್ಕೊಂಡಿದಾರೆ. ಆದ್ರೆ ಸ್ಟೋಲೆನ್‌ಗೆ ದಯವಿಟ್ಟು ಟೂಟಿ ಫ್ರೂಟಿ ಹಾಕ್ಬೇಡಿ, ಅದರಲ್ಲಿ ಸಿಹಿ ಬಿಟ್ರೆ ಏನೂ ಇಲ್ಲ, ಸಿಪ್ಪೆಯ ಆ ಕಹಿ ಬೇಕು. ನಮ್ಮ ಮಲೆನಾಡಿನ ಕಡೆಯವರಿಗೆ ಮಾದಲಹಣ್ಣು ಗೊತ್ತಲ್ವಾ, ದಪ್ಪ ಸಿಪ್ಪೆ, ಒಳಗೆ ತಿರುಳು ಚೂರೇಚೂರು? ಯೂರೋಪಿನವರು ಪಾಕದಲ್ಲಿ ಊರೋದು ಅದೇ ಜಾತಿಯ ಹಣ್ಣನ್ನ. ಸಿಕ್ಕಿದ್ರೆ ಬಿಡ್ಬೇಡಿ. ಸಿಗದಿದ್ರೆ ಕಿತ್ತಳೆ ಸಿಪ್ಪೇನ ಎರಡು ಮೂರು ಸಲ ನೀರು ಬದಲಾಯಿಸಿ ಕುದಿಸಿ ಆಮೇಲೆ ಪಾಕಕ್ಕೆ ಹಾಕಿ.

ಈಗ ನ್ಯೂರೆಂಬರ್ಗ್. ಅಲ್ಲಿಯ ಐಟಂ ಲೇಬ್‌ಕೂಖೆನ್, ಜಿಂಜರ್‌ಬ್ರೆಡ್‌ನ ಜರ್ಮನ್ ಬಳಗ ಅನ್ನಿ, ಆದ್ರೆ ಶುಂಠಿ ಇದರಲ್ಲಿ ಹೀರೋ ಅಲ್ಲ, ದಾಲ್ಚಿನ್ನಿ ಲವಂಗ ಏಲಕ್ಕಿ ಜಾಯಿಪತ್ರೆ, ಕೊತ್ತಂಬರಿ ಬೀಜ ಕೂಡ, ಎಲ್ಲಾ ಸೇರಿದ ಒಂದು ಮಸಾಲೆ ಪುಡಿ. ಆ ಊರಿಗೇ ಯಾಕೆ ಇದು ಅಂಟ್ಕೊಳ್ತು ಅಂದ್ರೆ ಎರಡು ಕಾರಣ. ಒಂದು ಕಾಡು. ಊರ ಸುತ್ತ ದೊಡ್ಡ ಕಾಡು, ಅದರಲ್ಲಿ ಮರದ ಪೊಟರೇಲಿ ಜೇನು ಸಾಕೋರದ್ದೇ ಒಂದು ಸಮುದಾಯ, ಅವರಿಗೆ ಚಕ್ರವರ್ತಿಯಿಂದ ಹಕ್ಕುಪತ್ರನೂ ಇತ್ತು. ಚರ್ಚಿಗೆ ಮೇಣದ ಬತ್ತಿಗೆ ಮೇಣ ಬೇಕು, ಮೇಣ ತೆಗೆದ ಮೇಲೆ ಉಳಿಯೋದೇ ಜೇನುತುಪ್ಪ. ಇನ್ನೊಂದು ವ್ಯಾಪಾರ. ವೆನಿಸ್‌ನಿಂದ ಆಲ್ಪ್ಸ್ ದಾಟಿ ಬರೋ ಮಸಾಲೆ ಈ ಊರಿನ ವ್ಯಾಪಾರಿಗಳ ಕೈ ದಾಟಿನೇ ಮುಂದೆ ಹೋಗ್ತಿತ್ತು. ಆ ಮಸಾಲೇಲಿ ಮೆಣಸು, ಶುಂಠಿ, ಏಲಕ್ಕಿ ಬರ್ತಿದ್ದಿದ್ದು ಎಲ್ಲಿಂದ? ನಮ್ಮ ಪಶ್ಚಿಮ ಘಟ್ಟದಿಂದ. ಆಮೇಲೆ ಪೋರ್ಚುಗೀಸರು ಸಮುದ್ರದ ದಾರಿ ಹಿಡಿದು ಬಂದು, ಗೇರುಸೊಪ್ಪೆಯ ಚೆನ್ನಭೈರಾದೇವಿನ ಕಾಳುಮೆಣಸಿನ ರಾಣಿ ಅಂತ ಕರೆದಿದ್ದು ಸುಮ್ನೆ ಅಲ್ಲ, ಆ ಸರಕಿಗೆ ಅಲ್ಲಿ ಅಷ್ಟು ಬೆಲೆ ಇತ್ತು. ಕ್ರಿಸ್ಮಸ್ ವಾಸನೆ ಅಂತ ಯೂರೋಪಿನವರು ಹೇಳ್ತಾರಲ್ಲ, ಅದರಲ್ಲಿ ಅರ್ಧ ಪಾಲು ನಮ್ಮ ಶಿರಸಿ ಸಕಲೇಶಪುರದ ಕಡೆಯ ವಾಸನೆ.

1487ರಲ್ಲಿ ಮೂರನೇ ಫ್ರೆಡ್ರಿಕ್ ಚಕ್ರವರ್ತಿ ನ್ಯೂರೆಂಬರ್ಗ್‌ನಲ್ಲಿದ್ದಾಗ ಊರಿನ ಸುಮಾರು 4000 ಮಕ್ಕಳನ್ನ ಕೋಟೆಗೆ ಕರೆಸಿ ತನ್ನ ಮುಖ ಅಚ್ಚು ಹಾಕಿದ ಲೇಬ್‌ಕೂಖೆನ್ ಹಂಚಿದ್ನಂತೆ. ಪಬ್ಲಿಸಿಟಿ ಅನ್ನೋದು ಆಗಲೇ ಇತ್ತು ನೋಡಿ, ಫ್ಲೆಕ್ಸ್ ಬದಲು ಬಿಸ್ಕೆಟ್ಟು.

ಇದರ ಕೆಮಿಸ್ಟ್ರಿ ನನಗೆ ಸ್ಟೋಲೆನ್‌ಗಿಂತ ಇಷ್ಟ. ಹಳೇ ಪದ್ಧತೀಲಿ ಜೇನುತುಪ್ಪ ಬಿಸಿ ಮಾಡಿ ಹಿಟ್ಟಿಗೆ ಕಲಸಿ ಹಾಗೇ ಇಟ್ಟುಬಿಡ್ತಾರೆ, ವಾರಗಟ್ಲೆ, ಕೆಲವರು ತಿಂಗಳುಗಟ್ಲೆ. ಕೆಡಲ್ಲ, ಯಾಕಂದ್ರೆ ಜೇನುತುಪ್ಪದಲ್ಲಿ ಬ್ಯಾಕ್ಟೀರಿಯಾ ಬೂಷ್ಟಿಗೆ ಸಿಗೋವಷ್ಟು ನೀರು ಇರಲ್ಲ. ಆದ್ರೆ ನಿಧಾನಕ್ಕೆ ಒಂಚೂರು ಹುಳಿ ಹುಟ್ಟತ್ತೆ. ಬೇಯಿಸೋ ಹೊತ್ತಿಗೆ ಅದಕ್ಕೆ ಪೊಟ್ಯಾಶ್ ಸೇರಿಸ್ತಾರೆ, ಹಿಂದೆ ಅದನ್ನ ಕಟ್ಟಿಗೆ ಬೂದಿ ತೊಳೆದು ತೆಗೀತಿದ್ರು, ಆ ಕ್ಷಾರ ಈ ಹುಳಿ ಜೊತೆ ಸೇರಿದಾಗ ಗ್ಯಾಸ್ ಬಂದು ಹಿಟ್ಟು ಉಬ್ಬತ್ತೆ. ಅಂದ್ರೆ ಕಾಯದೇ ಇದ್ರೆ ಹುಳಿ ಇಲ್ಲ, ಹುಳಿ ಇಲ್ದಿದ್ರೆ ಉಬ್ಬು ಇಲ್ಲ, ಕಾಯೋದೂ ಒಂದು ಸಾಮಾನೇ ಇಲ್ಲಿ. ಇನ್ನೊಂದು ಪುಡಿ ಇದೆ, ಜಿಂಕೆ ಕೊಂಬಿನ ಉಪ್ಪು ಅಂತ ಜರ್ಮನ್ನರು ಕರೀತಾರೆ, ಹಿಂದೆ ನಿಜವಾಗ್ಲೂ ಕೊಂಬು ಕಾಸಿ ತೆಗೀತಿದ್ರು, ಈಗ ಅದು ಬರೀ ಅಮೋನಿಯಾದ ಉಪ್ಪು, ನಮ್ಮ ಬಿಸ್ಕೆಟ್ ಫ್ಯಾಕ್ಟರಿಗಳಲ್ಲೂ ಇದರ ತಮ್ಮನ್ನ ಬಳಸ್ತಾರೆ. ಓವನ್ನಲ್ಲಿ ಮೂಗು ಕಿತ್ಕೊಂಡು ಹೋಗೋ ಹಾಗೆ ವಾಸನೆ ಬರತ್ತೆ, ತೆಳು ಬಿಸ್ಕೆಟ್ ಆದ್ರೆ ಪೂರ್ತಿ ಹಾರಿಹೋಗತ್ತೆ. ದಪ್ಪ ಕೇಕಿಗೆ ಮಾತ್ರ ಹಾಕ್ಬೇಡಿ, ಒಳಗೇ ಉಳ್ಕೊಳತ್ತೆ.

ಲೇಬ್‌ಕೂಖೆನ್‌ನಲ್ಲಿ ಮೇಲ್ದರ್ಜೆಯದ್ದು ಎಲೀಜೆನ್ ಅಂತ. ಅದರಲ್ಲಿ ಬಾದಾಮಿ, ಹೇಜಲ್‌ನಟ್, ಅಕ್ರೋಟ್ ಕಾಲು ಭಾಗಕ್ಕೆ ಕಮ್ಮಿ ಇರೋ ಹಾಗಿಲ್ಲ, ಹಿಟ್ಟು ನೂರಕ್ಕೆ ಹತ್ತು ದಾಟೋ ಹಾಗಿಲ್ಲ. ಹಿಟ್ಟೇ ಇಲ್ದಿದ್ರೆ ಮಿಶ್ರಣ ಟ್ರೇಗೆ ಅಂಟತ್ತೆ, ಅದಕ್ಕೇ ಚರ್ಚಲ್ಲಿ ಪ್ರಸಾದಕ್ಕೆ ಕೊಡ್ತಾರಲ್ಲ, ಆ ಥರದ ತೆಳು ವೇಫರ್ ಮೇಲೆ ಹಾಕಿ ಬೇಯಿಸ್ತಾರೆ, ಅದು ಮಠದ ಅಡುಗೆಮನೆಯ ಐಡಿಯಾ. ಜೇನಿನ ಲೇಬ್‌ಕೂಖೆನ್ ಮೊದಲ ದಿನ ಕಲ್ಲು. ಡಬ್ಬಿಗೆ ಹಾಕಿ ಜೊತೆಗೊಂದು ಸೇಬಿನ ಹೋಳು ಇಡಿ, ಜೇನು ಅದರ ತೇವ ಹೀರ್ಕೊಂಡು ವಾರ ಎರಡು ವಾರದಲ್ಲಿ ಮೆತ್ತಗಾಗತ್ತೆ. ಹೋಳನ್ನ ಎರಡು ದಿನಕ್ಕೊಮ್ಮೆ ಬದಲಾಯಿಸಿ, ಇಲ್ದಿದ್ರೆ ಅದಕ್ಕೆ ಬೂಷ್ಟು.

ಉಳಿದವನ್ನ ಬೇಗ ಹೇಳಿ ಮುಗಿಸ್ತೀನಿ. ನೈಋತ್ಯ ಜರ್ಮನಿಯಲ್ಲಿ ಸ್ಪ್ರಿಂಗರ್ಲೆ ಅಂತ ಸೋಂಪಿನ ಬಿಸ್ಕೆಟ್ಟು, ಮರದ ಅಚ್ಚಲ್ಲಿ ಒತ್ತಿ ಚಿತ್ರ ಮೂಡಿಸಿ ಒಂದು ರಾತ್ರಿ ಒಣಗಿಸ್ತಾರೆ, ಮೇಲಿನ ಪದರ ಗಟ್ಟಿ ಆಗಿರೋದ್ರಿಂದ ಬೇಯುವಾಗ ಚಿತ್ರ ಅಳಿಸಲ್ಲ, ಉಬ್ಬು ಕೆಳಗಿನಿಂದ ಬರತ್ತೆ. ಇಟಲಿಯ ಪನೆತ್ತೋನೆ ಅನ್ನೋ ಸಿಹಿ ಬ್ರೆಡ್ಡು ಇವಕ್ಕೆಲ್ಲ ವಿರುದ್ಧ ದಿಕ್ಕು, ಗಾಳಿಯಷ್ಟು ಹಗುರ, ಬೆಂದ ಮೇಲೆ ತನ್ನ ಭಾರಕ್ಕೆ ತಾನೇ ಕುಸಿಯತ್ತೆ ಅಂತ ಗಂಟೆಗಟ್ಲೆ ತಲೆಕೆಳಗಾಗಿ ನೇತುಹಾಕ್ತಾರೆ, ಹುಳಿ ಹಿಟ್ಟಿಂದ ಮಾಡಿರೋದ್ರಿಂದ ಅದೂ ಬಾಳಿಕೆ ಬರತ್ತೆ. ನಾರ್ವೆಯ ಬರ್ಗೆನ್ ಊರಲ್ಲಿ 1991ರಿಂದ ಪ್ರತಿವರ್ಷ ಶಾಲೆ ಮಕ್ಕಳೆಲ್ಲ ಸೇರಿ ಜಿಂಜರ್‌ಬ್ರೆಡ್‌ನಲ್ಲಿ ಒಂದು ಪೂರ್ತಿ ಊರನ್ನೇ ಕಟ್ತಾರೆ, ಅದು ನೋಡಕ್ಕೆ, ತಿನ್ನಕ್ಕಲ್ಲ. ನನಗೆ ಜಿಂಜರ್‌ಬ್ರೆಡ್ ಮನೆ ಮೇಲೆ ಅಂಥ ಪ್ರೀತಿ ಏನಿಲ್ಲ ಬಿಡಿ, ಗೋಡೆ ನಿಲ್ಲಲಿ ಅಂತ ಹಿಟ್ಟು ಜಾಸ್ತಿ ಹಾಕಿರ್ತಾರೆ, ರುಚಿ ಅಷ್ಟಕ್ಕಷ್ಟೇ.

ನಮ್ಮ ಕಡೆ ಏನು ಅಂತ ಕೇಳ್ತೀರಿ. ಪ್ಲಮ್ ಕೇಕ್ ಇಂಗ್ಲಿಷರ ಕಡೆಯಿಂದ ಬಂತು, ಕೇರಳದ ತಲಶ್ಶೇರಿಯಲ್ಲಿ 1883ರಲ್ಲಿ ಮಾಂಬಳ್ಳಿ ಬಾಪು ಅನ್ನೋ ಬೇಕರಿಯವರು ಮಾಡಿದ ಕೇಕಿನ ಕಥೆ ನೀವು ಕೇಳಿರ್ತೀರಿ. ನನಗೆ ಅದಕ್ಕಿಂತ ಮಂಗಳೂರಿನ ಕುಸ್ವಾರ್, ಅಂದ್ರೆ ಅಲ್ಲಿಯ ಕ್ರಿಸ್ಮಸ್ ತಿಂಡಿಗಳು, ಮುಖ್ಯ ಅನ್ಸತ್ತೆ. ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಹಿಂದೆ ಓವನ್ ಎಲ್ಲಿತ್ತು? ಹಾಗಾಗಿ ಎಳ್ಳು ಕೊಬ್ಬರಿ ತುಂಬಿದ ನೆವ್ರ್ಯೊ, ಬಾಚಣಿಗೆ ಮೇಲೋ ಫೋರ್ಕ್ ಮೇಲೋ ಉರುಳಿಸಿ ಗೆರೆ ಮೂಡಿಸಿದ ಕಿಡಿಯೊ, ಅಚ್ಚನ್ನ ಹಿಟ್ಟಲ್ಲಿ ಅದ್ದಿ ಎಣ್ಣೆಗೆ ಬಿಡೋ ರೋಸ್ ಕುಕ್ಕೀಸು, ಎಲ್ಲಾ ಕರಿದಿದ್ದೇ. ಆದ್ರೆ ಲೆಕ್ಕ ಅದೇ ನೋಡಿ, ನೀರಿನ ಪಸೆ ಪೂರ್ತಿ ಹೋಗೋ ತನಕ ಕರಿ, ಸಕ್ಕರೆ ಹಾಕು, ಡಬ್ಬಿ ತುಂಬಿಸು, ಹಬ್ಬದ ದಿನ ಅಕ್ಕಪಕ್ಕದ ಮನೆಗೆಲ್ಲ ತಟ್ಟೆ ಕಳಿಸು. ಅಲ್ಲಿ ಚಳಿ ಕಾಪಾಡತ್ತೆ, ಇಲ್ಲಿ ಕಡಲ ತೀರದ ಸೆಖೇಲಿ ಎಣ್ಣೆ ಕಾಪಾಡತ್ತೆ.

ಮೊಟ್ಟೆ ಇಲ್ದೆ ಆಗತ್ತಾ ಅಂತ ಮುಂದಿನ ಸಾಲಿಂದ ಚೀಟಿ ಬಂದಿದೆ. ಸ್ಟೋಲೆನ್‌ಗೆ ಹಳೇ ಪದ್ಧತೀಲಿ ಸಾಮಾನ್ಯವಾಗಿ ಮೊಟ್ಟೆ ಹಾಕೋದೇ ಇಲ್ಲ, ನಾನು ಹೇಳಿದ ಅಳತೇಲೂ ಇಲ್ಲ, ಧೈರ್ಯವಾಗಿ ಮಾಡಿ. ಎಲೀಜೆನ್‌ಗೆ ಮಾತ್ರ ಮೊಟ್ಟೆ ಬೇಕೇಬೇಕು. ರಮ್ ಬೇಡ ಅನ್ನೋರು ಕಿತ್ತಳೆ ರಸದಲ್ಲಿ ನೆನೆಸಿ, ಆದ್ರೆ ತಿಂಗಳು ಇಡಕ್ಕೆ ಹೋಗ್ಬೇಡಿ, ಫ್ರಿಡ್ಜಲ್ಲಿಟ್ಟು ವಾರದೊಳಗೆ ಖಾಲಿ ಮಾಡಿ. ಕಹಿ ಬಾದಾಮಿ ಅಲ್ಲಿ ಚೂರು ಹಾಕ್ತಾರೆ, ಅದರಲ್ಲಿ ವಿಷದ ಅಂಶ ಇರತ್ತೆ, ಇಲ್ಲಿ ಹುಡುಕಕ್ಕೆ ಹೋಗ್ಬೇಡಿ, ಎರಡು ಹನಿ ಬಾದಾಮಿ ಎಸೆನ್ಸ್ ಸಾಕು. ಇನ್ನು ಕತ್ತರಿಸೋದು, ಇದನ್ನ ತುಂಬಾ ಜನ ಕೇಳಲ್ಲ ಆದ್ರೆ ಕೇಳ್ಬೇಕು: ತುದಿಯಿಂದ ಶುರು ಮಾಡ್ಬೇಡಿ. ಮಧ್ಯಕ್ಕೆ ಕತ್ತರಿಸಿ, ಎರಡು ಕಡೆಯಿಂದ ಬೇಕಾದಷ್ಟು ತೆಳ್ಳಗೆ ತೆಗೆದು, ಉಳಿದ ಎರಡು ಭಾಗ ಒಂದಕ್ಕೊಂದು ಒತ್ತಿ ಜೋಡಿಸಿ ಮತ್ತೆ ಸುತ್ತಿಡಿ, ಕತ್ತರಿಸಿದ ಮುಖ ಗಾಳಿಗೆ ಬೀಳದೇ ಇದ್ರೆ ಸಂಕ್ರಾಂತಿವರೆಗೂ ಒಣಗಲ್ಲ.